ತೆಬಾನ್ ಮಾನೊ ಊರಿದ ಬಿದಿರು

ನಮ್ಮ ಸಾಮಾರ್ ದ್ವೀಪದ ಈ ಕೊಲ್ಲಿಯ ದಂಡೆಯಲ್ಲಿ ನೀರಿನ ಬಣ್ಣ ನೋಡಿ ಭವಿಷ್ಯ ಹೇಳುವವರು ಮನೆಗೊಬ್ಬರಿದ್ದಾರೆ. ಅವರೆಲ್ಲರಿಗೂ ತಾನೇ ಗುರು ಎಂದು ತೆಬಾನ್ ನಂಬಿಕೊಂಡಿದ್ದ. ಊರಿಗೆಲ್ಲ ಅವನು 'ಮಾನೊ', ಅಂದರೆ ಅಣ್ಣ. ಹೆಂಡತಿ ಪಾಸಿಂಗಳಿಗೆ ಮಾತ್ರ 'ಈ ಮನುಷ್ಯ'.

ಅವನದು ನೀಲಿಕಲ್ಲು ಎನ್ನುವ ತಿನ್ನುವ ಚಿಪ್ಪಿನ ಬೇಸಾಯ. ಬಿದಿರಿನ ಗಳುಗಳನ್ನು ಕೊಲ್ಲಿಯ ಕೆಸರಿಗೆ ಊರಿಬಿಟ್ಟರೆ ಮರಿಗಳು ತಾವಾಗಿ ಬಂದು ಅಂಟಿಕೊಳ್ಳುತ್ತವೆ. ನೀರಲ್ಲಿ ತೇಲುವ, ಕಣ್ಣಿಗೆ ಕಾಣದ ಜೀವಿಗಳನ್ನು ಸೋಸಿ ತಿಂದು ಚಿಪ್ಪಿನೊಳಗೇ ಕೊಬ್ಬುತ್ತವೆ. ಹಿಡಿ ಮೇವು ಹಾಕಿದವನಲ್ಲ. ಆದರೂ ಮಾರುವಾಗ "ಮಕ್ಕಳ ಹಾಗೆ ಸಾಕಿದ್ದೀನಿ" ಅನ್ನುತ್ತಿದ್ದ.

ಎಲ್ಲರೂ ಕೊಲ್ಲಿಯ ಬಾಯಿಯ ಕಡೆ ಗಳು ಊರಿದರೆ ಈ ಸಲ ಇವನೊಬ್ಬ ಒಳಗೆ, ಹೊಳೆ ಬಂದು ಸೇರುವ ಮೂಲೆಯಲ್ಲಿ ಊರಿದ. ಅಲ್ಲಿ ಅಲೆಯಿಲ್ಲ, ಹೊಳೆ ತರುವ ಗೊಬ್ಬರ ಬೇಕಾದಷ್ಟು.

"ಅಲ್ಲಿ ನೀರಲ್ಲ ಕಣ್ರೋ, ಗಂಜಿ!" ಎಂದ.

ನಿಜವೇ. ಅವನ ನೀಲಿಕಲ್ಲು ಊರಲ್ಲೇ ದಪ್ಪಗಾಯಿತು. ಭಾರಕ್ಕೆ ಗಳುಗಳೇ ಬಾಗಿದವು.

ಕಟಾವಿಗೆ ಇನ್ನೇನು ಎನ್ನುವಾಗ, ಸುಡುಬಿಸಿಲಿನ ಬೆನ್ನಿಗೇ ಮಳೆ ಹೊಯ್ದು ಹೊಳೆ ಕೆಂಪಾಗಿ ಕೊಲ್ಲಿಗಿಳಿಯಿತು. ಆಮೇಲೆ ಗಾಳಿಯೂ ನಿಂತುಹೋಯಿತು. ಬೆಚ್ಚಗಿನ, ಅಲುಗದ ನೀರು. ಗಂಜಿಯೂಟಕ್ಕೆ ಬೇರೆಯೇ ನೆಂಟರು ಎದ್ದು ಬಂದರು, ಆ ಕಾಣದ ಜೀವಿಗಳಲ್ಲೇ ವಿಷದ ಜಾತಿಯವು. ಅವನ್ನು ಸೋಸಿ ತಿಂದ ಚಿಪ್ಪಿಗೂ ವಿಷವೇರಿತು. ಚಿಪ್ಪಿನದು ಏನನ್ನೂ ಮಾರಬಾರದು, ತಿನ್ನಬಾರದು ಎಂದು ಮೀನುಗಾರಿಕೆ ಕಚೇರಿ ಸಾರಿತು.

ಕ್ಯಾಪ್ಟನ್, ಅಂದರೆ ನಮ್ಮ ಊರಿನ ಮುಖ್ಯಸ್ಥ, ಕೂಡಲೇ ವಿಷನೀರು ನಿವಾರಣಾ ಸಮಿತಿ ಕಟ್ಟಿ ನನ್ನನ್ನು ಕಾರ್ಯದರ್ಶಿ ಮಾಡಿದ. ಮೊದಲ ಸಭೆಯಲ್ಲಿ ಟೋಪಿಯ ಬಣ್ಣ ತೀರ್ಮಾನವಾಯಿತು. ಎರಡನೆಯ ಸಭೆಗೆ ಟೋಪಿ ಬಂತು. ನಿವಾರಣೆ ಮೂರನೆಯ ಸಭೆಗೆ ಹೋಯಿತು.

ಬಾಟಲಿಗೆ ನೀರು ತುಂಬಿಕೊಳ್ಳಲು ಬಂದ ಕಚೇರಿಯ ಹುಡುಗಿ ರೊಸೆಂದಾಳನ್ನು ತೆಬಾನ್ ಅಡ್ಡಗಟ್ಟಿದ.

"ಮೇಡಂ, ನನ್ನ ಮೂಲೆಯಲ್ಲಿ ವಿಷ ಇಲ್ಲ. ಬೆಕ್ಕಿಗೆ ಹಾಕಿ ನೋಡಿದ್ದೀನಿ, ಗುಂಡುಕಲ್ಲಿನ ಹಾಗಿದೆ."

"ಎಷ್ಟು ತಿಂತು, ಮಾನೊ?"

"ಮೂಸಿ ನೋಡಿ ಹೋಯ್ತು," ಎಂದಳು ಪಾಸಿಂಗ್. "ಈ ಮನುಷ್ಯನಿಗಿಂತ ಅದಕ್ಕೇ ಬುದ್ಧಿ ಜಾಸ್ತಿ."

ರೊಸೆಂದಾ ನಗಲಿಲ್ಲ. "ಎಲ್ಲಕ್ಕಿಂತ ಜಾಸ್ತಿ ವಿಷ ನಿಮ್ಮ ಮೂಲೆಯಲ್ಲೇ ಇದೆ."

ತೆಬಾನ್ ಮೆತ್ತಗಾದ. "ಹಾಗಿದ್ರೆ ಗಳು ಸಮೇತ ಕಿತ್ತು ಕೊಲ್ಲಿಯ ಬಾಯಿಗೆ ಒಯ್ತೀನಿ. ಒಳ್ಳೇ ನೀರು ಕುಡಿದು ತಾವೇ ಶುದ್ಧ ಆಗ್ತಾವೆ. ನೈರುತ್ಯದ ಗಾಳಿ ಎದ್ದರೆ ಈ ಭಾರಕ್ಕೆ ಇಲ್ಲಿ ಒಂದೂ ನಿಲ್ಲಲ್ಲ, ತಾಯಿ."

"ಕೀಳಬೇಡಿ, ಮಾನೊ. ಆ ವಿಷಜೀವಿಗಳ ಬೀಜ ನಿಮ್ಮ ಮೂಲೆಯ ಕೆಸರಲ್ಲೇ ಮಲಗಿರೋದು. ಕಲಕಿದರೆ ಮತ್ತೆ ಏಳ್ತಾವೆ. ಬಾಯಿಯ ಕಡೆ ಈಗಷ್ಟೇ ತಿಳಿಯಾಗ್ತಿದೆ, ಅವರದಾದರೂ ಉಳೀಲಿ."

"ನನ್ನದು?"

"ಕಾಯಬೇಕು."

"ಎಲ್ಲೀವರೆಗೆ?"

ಅವಳು ಬಾಟಲಿಯ ಮುಚ್ಚಳ ಬಿಗಿಮಾಡಿದಳು. "ಅದು ನನಗೂ ಗೊತ್ತಿಲ್ಲ, ಮಾನೊ."

ತೆಬಾನ್ ಕಾದ. ದಿನಾ ದೋಣಿಯಲ್ಲಿ ಹೋಗಿ ಗಳು ಮುಟ್ಟಿ ನೋಡಿ ಬರುತ್ತಿದ್ದ. ಒಂದನ್ನೂ ಕೀಳಲಿಲ್ಲ. ಜೀವಮಾನದಲ್ಲಿ ಅವನು ಇನ್ನೊಬ್ಬರ ಮಾತು ಕೇಳಿದ್ದು ಅದೇ ಮೊದಲು ಎಂದು ಪಾಸಿಂಗ್ ಆಣೆಯಿಟ್ಟು ಹೇಳುತ್ತಾಳೆ.

ಒಂದು ಮಧ್ಯಾಹ್ನ ನೈರುತ್ಯದ ಗಾಳಿ ಎದ್ದಿತು. ದಂಡೆಗೆ ಎಲ್ಲರೂ ಓಡಿ ಬಂದರು, ಸಮಿತಿಯೂ ಟೋಪಿ ಹಿಡಿದುಕೊಂಡು ಬಂತು. ಮೊದಲು ಅಂಚಿನ ಗಳು ವಾಲಿತು, ಅದು ಪಕ್ಕದ್ದನ್ನು ಎಳೆಯಿತು. ಹೊತ್ತ ಭಾರ ಸಮೇತ ಸಾಲಿಗೆ ಸಾಲೇ ಬುಡದಿಂದ ಕಿತ್ತು ಬರುತ್ತಿತ್ತು. ಬುಡದ ಜೊತೆಗೆ ಆ ಬೀಜ ಮಲಗಿದ್ದ ಕೆಸರು. ಕಂದು ನೀರು ಹಾಸಿಗೆಯಂತೆ ಬಿಚ್ಚಿಕೊಂಡು, ಹೊಳೆಯ ಸೆಳೆತಕ್ಕೆ ಕೊಲ್ಲಿಯ ಬಾಯಿಯತ್ತ, ಬೇರೆಯವರ ಗಳುಗಳತ್ತ ಹೊರಟಿತು.

"ಹೇಯ್! ನಿಲ್ಲಿಸ್ರೋ ಅದನ್ನ!" ಎಂದು ಕ್ಯಾಪ್ಟನ್ ನಮಗೆ ಅಪ್ಪಣೆ ಮಾಡಿದ.

ತೆಬಾನ್ ಎರಡೂ ಕೈ ಚಾಚಿ ಸೊಂಟದವರೆಗೆ ನೀರಿಗಿಳಿದ. ಅಲ್ಲಿಂದ ಮುಂದೆ ಏನು ಮಾಡಬೇಕೆಂದು ಅವನಿಗೂ ತೋಚಲಿಲ್ಲ, ನಮಗೂ ತೋಚಲಿಲ್ಲ. ನೀರು ಅವನ ಅಕ್ಕಪಕ್ಕ ಹಾದು ಹೋಗುತ್ತಲೇ ಇತ್ತು.