ಬಿಳಿ ಗೆರೆಯ ಎಲೆಬಳ್ಳಿ

ಅಕ್ಕನನ್ನು ಕೊಟ್ಟದ್ದು ಸವಣೂರಿಗೆ. ಊರ ಹೊರಗೆ ಭಾವನ ವೀಳ್ಯದೆಲೆ ತೋಟ. ನುಗ್ಗೆ ಮರಗಳಿಗೆ ಬಳ್ಳಿ ಹಬ್ಬಿ, ನಡು ಬೇಸಿಗೆಯಲ್ಲೂ ಒಳಗೆ ದಟ್ಟ ನೆರಳು. ಶಿಗ್ಗಾಂವಿಯಿಂದ ಹೋದಾಗಲೆಲ್ಲ ಬ್ಯಾಗು ಇಟ್ಟವಳೇ ನಾನು ಅಲ್ಲಿಗೆ ನಡೆಯುತ್ತಿದ್ದೆ.

ಹೋದ ವರ್ಷ ಮೂಲೆಯ ಒಂದು ಬಳ್ಳಿಯ ಎಲೆಗಳಲ್ಲಿ ಬಿಳಿ ಗೆರೆಗಳು ಮೂಡಿದ್ದವು. ಅಂಚಿನಗುಂಟ ಹಾಲು ಚೆಲ್ಲಿದಂತೆ. ಭಾವನಿಗೆ ಹಿಗ್ಗು.

"ನೋಡವಾ, ಇಂಥಾ ಎಲಿ ಸವಣೂರಾಗ ಯಾರ ಕಡೆನೂ ಇಲ್ಲ."

ಅಕ್ಕ ಒಂದೆಲೆ ಹರಿದು ಬಾಯಿಗೆ ಹಾಕಿಕೊಂಡಳು. ಎರಡು ಸಲ ಅಗಿದು ಉಗುಳಿದಳು.

"ಖಾರ ಇಲ್ಲ, ವಾಸನಿ ಇಲ್ಲ. ಕಿತ್ತು ಒಗೀರಿ ಇದನ್ನ."

ಭಾವ ನಕ್ಕ. ಆ ಬಳ್ಳಿಯ ತುಂಡುಗಳನ್ನು ಕತ್ತರಿಸಿ ಕಾಲುವೆ ಪಕ್ಕ ನಾಟಿ ಮಾಡಿದ. ಅದೇ ಚೂರಿಯಿಂದ ಉಳಿದ ಬಳ್ಳಿಗಳ ಎಲೆಯನ್ನೂ ಕೊಯ್ದ. ಜನ ನೋಡಲು ಬಂದರು, ಫೋಟೋ ತೆಗೆದುಕೊಂಡರು. ಪಕ್ಕದ ಎಲೆತೋಟದ ಮುದುಕ ಸಾಹೇಬರು ಮಾತ್ರ ಬದುವಿನಾಚೆಯೇ ನಿಂತು ಆ ಗೆರೆಗಳನ್ನು ದಿಟ್ಟಿಸಿದರು.

"ಚಾ ಕುಡೀಲಿಕ್ಕೆ ಬರ್ರಿ ಚಾಚಾ," ಎಂದ ಭಾವ.

"ಬ್ಯಾಡ ತಮ್ಮಾ. ಇಲ್ಲೇ ಆರಾಮ ಅದೇನಿ," ಎಂದು ಅವರು ತಿರುಗಿ ಹೋದರು. ಅಷ್ಟು ವರ್ಷದಲ್ಲಿ ಅವರು ಆ ಮನೆಯ ಚಹ ಬೇಡವೆಂದದ್ದು ನಾನು ಕೇಳಿರಲಿಲ್ಲ.

ಮಳೆಗಾಲ ಮುಗಿದ ಮೇಲೆ ಮತ್ತೆ ಹೋದೆ. ತೋಟದೊಳಗೆ ಕಾಲಿಟ್ಟವಳಿಗೆ ಏನೋ ಸರಿಯಿಲ್ಲ ಅನ್ನಿಸಿತು. ನೆಲದ ತುಂಬ ಬಿಸಿಲು ಬಿದ್ದಿತ್ತು. ಎಲೆಗಳು ಕಿವಿಯಷ್ಟಾಗಿ ಬೆಳೆಯುವುದನ್ನೇ ನಿಲ್ಲಿಸಿದ್ದವು. ಅಕ್ಕ ಹಸಿರು ಬಳ್ಳಿಗಳ ಎಲೆಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ತೋರಿಸಿದಳು. ಎಲ್ಲದರೊಳಗೂ ಸಣ್ಣ ಬಿಳಿ ಗೆರೆ, ಕೂದಲೆಳೆಯಂತೆ.

"ಕಾಲುವಿ ಕಡೇದು ಅಷ್ಟ ಕಿತ್ತರ ಸಾಕು," ಎಂದ ಭಾವ.

"ರೋಗ ಎಲ್ಲಿ ಐತಿ, ಎಲ್ಲಿ ಇಲ್ಲ ಅನ್ನೋದು ನಿಮಗರ ಗೊತ್ತೈತೇನ್ರಿ?" ಎಂದಳು ಅಕ್ಕ. ಸೆರಗು ಸಿಕ್ಕಿಸಿಕೊಂಡು ಮೊದಲ ಬಳ್ಳಿಯನ್ನು ಅವಳೇ ಬುಡದಿಂದ ಎಳೆದಳು. ನಾನೂ ಕೈಹಾಕಿದೆ. ಸ್ವಲ್ಪ ಹೊತ್ತಿಗೆ ಭಾವನೂ ಎದ್ದು ಬಂದ.

ಸಂಜೆ ಬೆಂಕಿ ಕೊಟ್ಟರೆ ಹಸಿ ಬಳ್ಳಿ ಹೊತ್ತಲಿಲ್ಲ. ಬರೀ ಹೊಗೆಯಾಡಿತು. ಗಾಳಿ ತಿರುಗಿ ಆ ಹೊಗೆ ಸಾಹೇಬರ ತೋಟದ ಮೇಲೆ ಹೋಗಿ ಕೂತಿತು. ಅವರು ಬದುವಿಗೆ ಬಂದು ನೋಡಿ, ತಮ್ಮ ಬಳ್ಳಿಗಳ ಎಲೆ ತಿರುವಿ ನೋಡಲು ಹೋದರು.

ಈಗ ಹಿರೇಕೆರೂರಿನ ಕಡೆಯಿಂದ ಹೊಸ ಬಳ್ಳಿ ತಂದು ಹಚ್ಚಿದ್ದಾರೆ. ಮೊನ್ನೆ ನಾನು ಹೋದಾಗ ಭಾವ ಬಗ್ಗಿ ಚಿಗುರು ನೋಡುತ್ತಿದ್ದ.

"ಹಸರ ಅದಾವು," ಎಂದ.

ಅಕ್ಕ ಆ ಚಿಗುರಿನ ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿದಳು. ಮುಂದಿನ ಗಿಡಕ್ಕೆ ಹೋಗಿ ಕೂತಳು.