ಮೂರನೇ ಟ್ಯಾಂಕಿನ ಮುಂದೆ ನಕ್ಕಿದ್ದೆ

ಕಳೆದ ವಾರ ಮಗಳು ಗೋಬಿ ಮಂಚೂರಿ ಮಾಡಿಯೇ ತೀರುತ್ತೇನೆಂದು ಹಟ ಹಿಡಿದು, ಕೆರೂರಿನ ಅಂಗಡಿಯಿಂದ ಒಂದು ಬಾಟಲಿ ವಿನೆಗರ್ ತರಿಸಿಕೊಂಡಿದ್ದಳು. ಅವಳು ಅಡುಗೆಮನೆಯಲ್ಲಿ ಮುಚ್ಚಳ ತೆಗೆದದ್ದೇ ತಡ, ಹಿತ್ತಲ ಬಾಗಿಲಲ್ಲಿ ಬಟ್ಟೆ ಹಿಂಡುತ್ತಿದ್ದ ನನ್ನ ಕೈ ನಿಂತಿತು. ಒಳಗೆ ಬಂದವಳೇ ಬಾಟಲಿಯ ಬಾಯಿ ಮುಚ್ಚಿ ಕಪಾಟಿನ ಮೇಲಿಟ್ಟೆ. ಮಗಳು ಪಿಳಿಪಿಳಿ ನೋಡಿದಳು. ಆ ಹುಳಿ ವಾಸನೆ ನನ್ನ ಮಾವನವರನ್ನು ತಂದು ಎದುರಿಗೆ ನಿಲ್ಲಿಸಿತ್ತು...

ನಮ್ಮದು ಬಾದಾಮಿಗೂ ಕೆರೂರಿಗೂ ನಡುವೆ, ರಸ್ತೆಯಿಂದ ಒಳಗಿರುವ ದ್ರಾಕ್ಷಿ ತೋಟ. ತೋಟದ ತುದಿಗೆ ಕೆಂಪು ಕಲ್ಲಿನ ಗೋಡೆ, ಮೇಲೆ ತಗಡು, ಒಳಗೆ ಐದು ಉಕ್ಕಿನ ಟ್ಯಾಂಕುಗಳು. ಕಾಗದದ ಮೇಲೆ ಅದು ವೈನ್ ಕಾರ್ಖಾನೆ. ನೋಡಿದವರಿಗೆ ದೊಡ್ಡದೊಂದು ದನದ ಕೊಟ್ಟಿಗೆ. ನಾನು ಇಳಕಲ್ಲಿನ ನೇಕಾರರ ಮನೆಯ ಮಗಳು. ಈ ಸಂಬಂಧದ ಮಾತು ಬಂದಾಗ ನಮ್ಮವ್ವ, "ಸೆರೆ ಮಾಡವ್ರ ಮನಿಗೆ ಮಗಳ್ನ ಕೊಡೂದಾ?" ಎಂದು ಎರಡು ದಿನ ಊಟ ಬಿಟ್ಟಿದ್ದಳು. ಅಪ್ಪ ಮನೆ ನೋಡಲು ಬಂದರೆ, ಅವನಿಗೆ ಕಂಡದ್ದು ಹಣೆ ತುಂಬ ವಿಭೂತಿ ಹಚ್ಚಿ, ಎದೆಯ ಮೇಲೆ ಲಿಂಗ ಧರಿಸಿ, ಪೂಜೆ ಮುಗಿಸಿ ಎದ್ದ ಮಾವನವರು. ಊರಿಗೆ ಹಿಂದಿರುಗಿದ ಅಪ್ಪ, "ಅವರು ನಮಗಿಂತ ಮಡಿ" ಎಂದಷ್ಟೇ ಹೇಳಿದ್ದನಂತೆ.

ಅದು ನಿಜವೂ ಆಗಿತ್ತು. ವೈನ್ ಮಾಡಲು ಹೊರಟಾಗ ಮಾವನವರು ತಮ್ಮ ತಾಯಿಗೆ ಮಾತು ಕೊಟ್ಟಿದ್ದರು. ಮಾಡುತ್ತೇನೆ, ಆದರೆ ಒಂದು ಹನಿಯನ್ನೂ ನಾಲಿಗೆಗೆ ಮುಟ್ಟಿಸುವುದಿಲ್ಲ, ಮನೆಯಲ್ಲಿ ಯಾರಿಗೂ ಮುಟ್ಟಿಸಗೊಡುವುದಿಲ್ಲ ಎಂದು. ಹೀಗಾಗಿ ರುಚಿಯನ್ನೇ ನೋಡದ ಅಡುಗೆಯವರ ಮನೆ ನಮ್ಮದು. ಬಾಟಲಿ ತುಂಬುವ ಮುಂಚೆ ವರ್ಷಕ್ಕೊಮ್ಮೆ ನಾಸಿಕದಿಂದ ಒಬ್ಬರು ಬಂದು ಬಾಯಿಗೆ ಹಾಕಿ ನೋಡಿ ಹೋಗುತ್ತಿದ್ದರು. ಉಳಿದ ದಿನಗಳಿಗೆಲ್ಲ ಮಾವನವರ ಮೂಗೇ ಆಧಾರ.

ದಿನಾ ಬೆಳಿಗ್ಗೆ ಪೂಜೆ ಮುಗಿಸಿ ಟ್ಯಾಂಕುಗಳ ಮುಂದೆ ಬರುತ್ತಿದ್ದರು. ನಾನು ಸ್ಟೀಲಿನ ಲೋಟಕ್ಕೆ ಸ್ವಲ್ಪ ವೈನ್ ಹಿಡಿದು ಕೊಡಬೇಕಿತ್ತು. ಕಣ್ಣು ಮುಚ್ಚಿ ಮೂರು ಸಲ ಮೂಸುತ್ತಿದ್ದರು. ಆಮೇಲೆ ಇದ್ದದ್ದು ಎರಡೇ ಮಾತು: "ನಿದ್ದಿ ಆಗೇತಿ", ಇಲ್ಲವೇ "ಇನ್ನಾ ನಿದ್ದಿ ಆಗಿಲ್ಲ". ಅಂದರೆ ವೈನ್ ಹದಕ್ಕೆ ಬಂದಿದೆ, ಇಲ್ಲವೇ ಬಂದಿಲ್ಲ. ಲೋಟದಲ್ಲಿ ಉಳಿದದ್ದನ್ನು ಮೋರಿಗೆ ಚೆಲ್ಲುತ್ತಿರಲಿಲ್ಲ. ಹೊರಗೆ ಬಂದು ಬೇವಿನ ಗಿಡದ ಬುಡಕ್ಕೆ ಹಾಕುತ್ತಿದ್ದರು. ನಮ್ಮ ಬೇವು ವೈನ್ ಕುಡಿದೇ ಬೆಳೆದದ್ದು. ಇಡೀ ಮನೆಯಲ್ಲಿ ಆ ಭಾಗ್ಯ ಅದೊಂದಕ್ಕೇ.

ಲೋಟ ಹಿಡಿಯುವ ಕೆಲಸ ನನಗೆ ಬಂದದ್ದೂ ಮೂಗಿನಿಂದಲೇ. ತವರಿನಲ್ಲಿ ನೂಲಿಗೆ ಹಾಕುವ ಗಂಜಿ ಹಳಸಿದೆಯೋ ಇಲ್ಲವೋ ಎಂದು ಮೂಸಿ ಹೇಳುವುದು ಹೆಣ್ಣುಮಕ್ಕಳ ಪಾಲಿನ ಕೆಲಸ. ಹುಳಿ ಹತ್ತಿದ ಗಂಜಿ ಬಿದ್ದರೆ ಹಾಸು ನೂಲೆಲ್ಲ ಕೆಡುತ್ತದೆ. ಇದನ್ನು ಒಮ್ಮೆ ಮಾತಿನ ಓಘದಲ್ಲಿ ಹೇಳಿದ್ದೆ. ಮರುದಿನವೇ ಕರೆದರು. "ಬಾ ಯವ್ವಾ, ಮಗಗ ಟ್ರ್ಯಾಕ್ಟರ್ ವಾಸನಿ ಬಿಟ್ರ ಮತ್ತೊಂದು ತಿಳಿಯೂದಿಲ್ಲ." ಮಗ ಅಂದರೆ ನನ್ನ ಗಂಡ. ಅವರು ಕೇಳಿಯೂ ಕೇಳದಂತೆ ಇದ್ದರು.

ಹೀಗೆ ವರ್ಷಗಳು ಹೋದವು. ಗಣಪತಿ ಹಬ್ಬ ಮುಗಿಯುತ್ತಿದ್ದಂತೆ ಬಳ್ಳಿಗೆ ಕತ್ತರಿ ಬೀಳುತ್ತಿತ್ತು. ಚಳಿಗಾಲದಲ್ಲಿ ಇಬ್ಬನಿ ಬಿದ್ದರೆ ರೋಗ ಬಂತೆಂದು ಎಲೆ ಮಗುಚಿ ನೋಡುವುದೇ ನೋಡುವುದು. ಶಿವರಾತ್ರಿಯ ಆಸುಪಾಸು ಬಿಸಿಲು ಏರುವ ಮೊದಲೇ ಹಣ್ಣು ಕೊಯ್ದು ತಂದರೆ, ಅಂಗಳ ಜೇನುಹುಳಗಳಿಂದ ತುಂಬುತ್ತಿತ್ತು. ಹಿಂಡಿದ ರಸ ಟ್ಯಾಂಕಿನಲ್ಲಿ ಹುದುಗು ಬಂದು ಕುದಿಯುವ ದಿನಗಳಲ್ಲಿ ಮಾವನವರು ಮಾತೇ ಆಡುತ್ತಿರಲಿಲ್ಲ. ಟ್ಯಾಂಕಿಗೆ ಕಿವಿ ಹಚ್ಚಿ ನಿಂತುಬಿಡುತ್ತಿದ್ದರು. ನನಗೆ ಆ ದಿನಗಳೆಂದರೆ ಬಹಳ ಇಷ್ಟ.

ಆಮೇಲೆ ಕೊರೊನಾ ಬಂತು. ಮಾವನವರು ಹನ್ನೊಂದು ದಿನ ದವಾಖಾನೆಯಲ್ಲಿದ್ದು ಬದುಕಿ ಬಂದರು. ಬಂದ ವಾರದಲ್ಲೇ ಒಂದು ಮಧ್ಯಾಹ್ನ ನಾನು ಒಲೆಯ ಮೇಲೆ ಹಾಲಿಟ್ಟು ಮರೆತೆ. ಅದು ಉಕ್ಕಿ, ತಳ ಹತ್ತಿ, ಸುಟ್ಟು ಮನೆಯೆಲ್ಲ ನಾರಿತು. ಅಂಗಳದಿಂದ ನಾನು ಓಡಿ ಬಂದರೆ, ಅವರು ಒಲೆಗೆ ನಾಲ್ಕು ಮಾರು ದೂರದಲ್ಲಿ ಕುಳಿತು ಶಾಂತವಾಗಿ ಶೇಂಗಾ ಸುಲಿಯುತ್ತಿದ್ದರು. ಆ ವಾಸನೆ ಅವರಿಗೆ ಮುಟ್ಟಿಯೇ ಇರಲಿಲ್ಲ.

ಮರುದಿನ ಟ್ಯಾಂಕಿನ ಮುಂದೆ ಅವರನ್ನೇ ಗಮನಿಸಿದೆ. ಕಣ್ಣು ಮುಚ್ಚಿದರು, ಮೂರು ಸಲ ಮೂಸಿದರು, ಕಣ್ಣು ತೆರೆದು ನನ್ನ ಮುಖ ನೋಡಿದರು. ಆಮೇಲೆ, "ನಿದ್ದಿ ಆಗೇತಿ" ಎಂದರು. ಅವರು ಓದುತ್ತಿದ್ದದ್ದು ನನ್ನ ಮುಖವನ್ನು.

ನಾನು ಯಾರಿಗೂ ಹೇಳಲಿಲ್ಲ. ಅವರೂ ನನ್ನೊಡನೆ ಬಾಯಿ ಬಿಡಲಿಲ್ಲ. ಸುತ್ತಲಿನ ಹತ್ತು ಹಳ್ಳಿಯಲ್ಲಿ ಅವರ ಮೂಗಿನ ಹೆಸರಿತ್ತು. ಅದು ಹೋಯಿತೆಂದರೆ ಅವರಿಗೆ ಉಳಿಯುವುದೇನು? ಕೆಟ್ಟದ್ದಿದ್ದರೆ ಹುಬ್ಬು ಗಂಟು ಹಾಕುತ್ತಿದ್ದೆ, ಒಳ್ಳೆಯದಿದ್ದರೆ ಸಣ್ಣಗೆ ನಗುತ್ತಿದ್ದೆ. ಒಂದು ವರ್ಷ ಹೀಗೆಯೇ ನಡೆಸಿದೆವು. ನಾನು ಲೋಟವನ್ನು ಮೂಗಿನ ಹತ್ತಿರ ಒಯ್ಯಬೇಕಿರಲಿಲ್ಲ, ನಲ್ಲಿ ತಿರುಗಿಸಿದಾಗಲೇ ವಾಸನೆ ತಿಳಿಯುತ್ತಿತ್ತು.

ಮರುವರ್ಷ ನಾಸಿಕದವರಿಗೆ ಹುಷಾರಿರಲಿಲ್ಲ, ಬರಲಾಗಲಿಲ್ಲ. ಅದೇ ಹೊತ್ತಿಗೆ ದೊಡ್ಡ ಹೋಟೆಲೊಂದಕ್ಕೆ ಮಾಲು ಕೊಳ್ಳುವವರೊಬ್ಬರು ತೋಟಕ್ಕೆ ಬಂದರು. ಮಾವನವರ ಮೂಗಿನ ಸುದ್ದಿ ಅವರವರೆಗೂ ಹೋಗಿತ್ತು. ಮೊದಲನೇ ಟ್ಯಾಂಕಿನದನ್ನು ತಾವೇ ಕುಡಿದು ನೋಡಿ ಮೆಚ್ಚಿದರು. "ಉಳಿದದ್ದು ನೀವ ಮೂಸಿ ಹೇಳ್ರಿ ಯಜಮಾನ್ರ, ಅದನ್ನ ನೋಡಾಕ ಬಂದೇನಿ" ಎಂದು ಫೋನು ಎತ್ತಿ ವಿಡಿಯೋ ಹಿಡಿಯತೊಡಗಿದರು.

ಮೂರನೇ ಟ್ಯಾಂಕಿನ ನಲ್ಲಿ ತಿರುಗಿಸಿ ಲೋಟ ಹಿಡಿದಾಗಲೇ ನನಗೆ ಬಡಿಯಿತು. ತೆಳ್ಳಗೆ... ರಾತ್ರಿ ಉಳಿದ ಗಂಜಿಯ ಹುಳಿ. ಲೋಟ ಮಾವನವರ ಕೈಗೆ ಕೊಟ್ಟೆ. ಅವರು ಕಣ್ಣು ಮುಚ್ಚಿದರು. ಆಗ ಆ ಮನುಷ್ಯ ಫೋನನ್ನು ನಾನೂ ಚಿತ್ರದಲ್ಲಿ ಬರುವಂತೆ ತಿರುಗಿಸಿ, "ಅಕ್ಕಾರ, ನೀವೂ ಸ್ವಲ್ಪ ನಗ್ರಿ" ಎಂದರು. ಹೊರಗಿನವರ ಎದುರು ಸೊಸೆ ಮುಖ ಗಂಟಿಕ್ಕಿ ನಿಲ್ಲಬಾರದೆಂದು ನನಗೆ ಯಾರೂ ಕಲಿಸಬೇಕಿರಲಿಲ್ಲ. ಸೆರಗು ಸರಿ ಮಾಡಿಕೊಂಡು ನಕ್ಕೆ. ಮಾವನವರು ಕಣ್ಣು ತೆರೆದು ನನ್ನನ್ನು ನೋಡಿದರು.

"ನಿದ್ದಿ ಆಗೇತಿ."

ಸಂಜೆ ಹೇಳೋಣವೆಂದುಕೊಂಡೆ. ಸಂಜೆ ಅತಿಥಿಗಳ ಊಟವಾಯಿತು. ಗಂಡನಿಗೆ ಹೇಳಿದರೆ, ನಿಮ್ಮಪ್ಪನಿಗೆ ವಾಸನೆ ಬರುವುದಿಲ್ಲ ಎಂಬಲ್ಲಿಂದ ಶುರು ಮಾಡಬೇಕು. ಮಾವನವರಿಗೇ ಹೇಳಿದರೆ, ನಿಮ್ಮ ಗುಟ್ಟು ನನಗೆ ಗೊತ್ತು ಎಂದು ಅವರ ಮುಖಕ್ಕೇ ಅಂದಂತೆ. ನನ್ನ ಮೂಗೇ ತಪ್ಪಿರಬಹುದು ಎಂದು ಸಮಾಧಾನ ಮಾಡಿಕೊಂಡೆ. ಬೆಳಿಗ್ಗೆ ಎದ್ದರೆ ಬಾಟಲಿ ತುಂಬುವುದು ಶುರುವಾಗಿತ್ತು, ನಾನೂ ಹೋಗಿ ಲೇಬಲ್ ಅಂಟಿಸುತ್ತ ಕುಳಿತೆ.

ಎರಡು ತಿಂಗಳಾಗುವಷ್ಟರಲ್ಲಿ ಹೋಟೆಲಿಗೆ ಕಳಿಸಿದ್ದ ಪೆಟ್ಟಿಗೆಗಳು ವೈನ್ ಕೆಟ್ಟಿದೆಯೆಂದು ಹಿಂದಿರುಗಿದವು. ನನ್ನ ಗಂಡ ಅಂಗಳದಲ್ಲೇ ಒಂದು ಬಾಟಲಿಯ ಬಿರಡೆ ಕಿತ್ತು ಲೋಟಕ್ಕೆ ಸುರಿದರು. ಲೋಟವನ್ನು ಅಪ್ಪನ ಮೂಗಿನ ಹತ್ತಿರವೇ ಹಿಡಿದು, "ಅಪ್ಪಾ, ಇದರ ವಾಸನಿ ನಿನಗ ಬರ್ಲಿಲ್ಲೇನು?" ಎಂದರು.

ಮಾವನವರು ಹೆಗಲ ಮೇಲಿನ ಶಲ್ಯವನ್ನು ತೆಗೆದು ಎದೆಯ ಮೇಲಿನ ಲಿಂಗವನ್ನು ಮುಚ್ಚಿಕೊಂಡರು. ಲೋಟ ತೆಗೆದುಕೊಂಡರು. ಒಂದು ಗುಟುಕು ಕುಡಿದರು. ಇಷ್ಟು ವರ್ಷ ವೈನ್ ಮಾಡಿದ ಮನುಷ್ಯ ತನ್ನ ಆಯುಷ್ಯದಲ್ಲಿ ಕುಡಿದ ಒಂದೇ ಗುಟುಕು ಅದು, ಕೆಟ್ಟು ವಿನೆಗರ್ ಆದದ್ದು.

"ಹುಳಿ ಐತಿ" ಎಂದರು. ಲೋಟ ಕೆಳಗಿಟ್ಟು, "ಮೂಗು ಹೋಗಿ ವರ್ಷದ ಮ್ಯಾಲಾತು. ನಾಲಿಗಿ ಇತ್ತು. ಒಮ್ಮೆ ಮುಟ್ಟಿಸಿದ್ರ ತಿಳೀತಿತ್ತು. ತಪ್ಪು ನಂದ" ಎಂದರು.

ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ. ಎರಡು ಹೆಜ್ಜೆ ಮುಂದೆ ಹೋಗಿ, ನನಗೆ ಬಂದಿತ್ತು ವಾಸನೆ ಎಂದಿದ್ದರೆ ಆ ಭಾರ ಅರ್ಧವಾದರೂ ಇಳಿಯುತ್ತಿತ್ತು. ಹೋಗಲಿಲ್ಲ. ನಾಚಿಕೆಗೇಡು, ಇವತ್ತಿಗೂ.

ಅಂದಿನಿಂದ ಅವರು ಟ್ಯಾಂಕಿನ ಕಡೆ ಬರಲಿಲ್ಲ. ಬೇವಿನ ಕೆಳಗೆ ಕಲ್ಲಿನ ಮೇಲೆ ಕುಳಿತು ಕಾಲ ಕಳೆದರು. ಅನ್ನ ಕಡಿಮೆಯಾಯಿತು, ಮಾತು ಅದಕ್ಕಿಂತ ಕಡಿಮೆಯಾಯಿತು. ಒಂದು ದಿನ ಚಹಾ ಕೊಡಲು ಹೋದಾಗ ನನ್ನ ಕಡೆ ನೋಡದೆ, "ಯವ್ವಾ, ಇನ್ನ ನೀನ ಮೂಸು. ಯಾರ ಮಾರೀನೂ ನೋಡಬ್ಯಾಡ" ಎಂದರು.

"ಹೂನ್ರಿ ಮಾವಾರ" ಎಂದೆ. ಅಂದು ನನಗೆ ವಾಸನೆ ಬಂದಿತ್ತೆಂದು ಅವರಿಗೆ ಗೊತ್ತಾಗಿತ್ತೇ? ನನ್ನ ನಗುವನ್ನು ಅವರು ಮರೆತಿರಲಿಲ್ಲವೇ? ಕೇಳಬಹುದಿತ್ತು... ಚಹಾ ಆರುತ್ತದೆ ಎಂದು ಹೇಳಿ ಬಂದೆ. ಮುಂದಿನ ಹಂಗಾಮಿನಲ್ಲಿ, ಹಣ್ಣು ಕೊಯ್ಯುತ್ತಿದ್ದ ವಾರ, ಕುಳಿತಲ್ಲೇ ಹೋದರು. ತೋಟದ ಮೂಲೆಯಲ್ಲೇ ಸಮಾಧಿ ಮಾಡಿದೆವು.

ಈಗ ದಿನಾ ಬೆಳಿಗ್ಗೆ ನಾನು ಮೂಸುತ್ತೇನೆ, ನಾಲಿಗೆಗೂ ಮುಟ್ಟಿಸುತ್ತೇನೆ. ಉಳಿದದ್ದನ್ನು ಬೇವಿಗೇ ಹಾಕುತ್ತೇನೆ. ಮನೆಯಲ್ಲಿ ಯಾರೂ ಆಕ್ಷೇಪಿಸಿಲ್ಲ.

ಕಳೆದ ವಾರ ಕಡೆಗೂ ಮಗಳಿಗೆ ವಿನೆಗರ್ ಬಾಟಲಿ ಇಳಿಸಿ ಕೊಟ್ಟೆ. ಗೋಬಿ ತಿನ್ನುತ್ತ ಮಗಳು ಫೋನಿನಲ್ಲಿ ಹೋಟೆಲಿನವರು ಕಳಿಸಿದ್ದ ಆ ವಿಡಿಯೋ ಹಾಕಿದಳು. ಮಾವನವರು ಓಡಾಡುವ, ಮಾತಾಡುವ ಚಿತ್ರವೆಂದು ನಮ್ಮ ಮನೆಯಲ್ಲಿ ಉಳಿದದ್ದು ಅದೊಂದೇ.

"ಯವ್ವಾ, ಎಲ್ಲಾರೂ ಫೋನ್ ನೋಡಾಕತ್ತಾರ, ಅಜ್ಜ ಒಬ್ಬವ್ನ ನಿನ್ನ ನೋಡಾಕತ್ತಾನ" ಎಂದಳು.

"ಹೂಂ. ಅವತ್ತ ನಾ ನಗಬಾರದಿತ್ತು" ಎಂದೆ.

"ಯಾಕ? ಚಂದ ಕಾಣಾಕತ್ತಿ" ಎಂದು ಅವಳು ಮತ್ತೊಮ್ಮೆ ಹಾಕಿದಳು. ವಿಡಿಯೋದಲ್ಲಿ ಮಾವನವರು ಮತ್ತೆ ಕಣ್ಣು ತೆರೆದು ನನ್ನ ಮುಖ ನೋಡಿದರು. ನಾನು ನಗುತ್ತಲೇ ಇದ್ದೆ.