ಕವಚ ಮುಚ್ಚುವ ಮುನ್ನದ ಕಡೆಯ ನೋಟ

ಹವಾಮಾನ ಉಪಗ್ರಹಗಳನ್ನು ರಾಕೆಟ್ಟಿನ ತುದಿಗೇರಿಸಿ ಉಡಾವಣೆಗೆ ಸಜ್ಜುಗೊಳಿಸುವ ಕಾರ್ಯದಲ್ಲಿ ಮೂರು ದಶಕ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಹಿರಿಯ ತಪಾಸಣಾಧಿಕಾರಿಯವರನ್ನು ಕುರಿತು ಈ ಬೀಳ್ಕೊಡುಗೆ ಸಂಪುಟದಲ್ಲಿ ಬರೆಯುವ ಭಾಗ್ಯ, ಕವಚದ ಬೋಲ್ಟು ಬಿಗಿಯುವ ನನಗೆ ಒದಗಿದೆ. ಉಷ್ಣಕವಚ ಮುಚ್ಚುವ ಮುನ್ನ ಉಪಗ್ರಹವನ್ನು ಕಡೆಯದಾಗಿ ನೋಡುವವರು ಅವರು. ಅನಂತರ ಅದನ್ನು ಮನುಷ್ಯರಾರೂ ನೋಡುವುದಿಲ್ಲ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಕೈಗವಸು ತೊಡುವುದನ್ನು ಕಲಿಸಿದವರು ಅವರೇ. ನನ್ನ ಮಗುವಿಗೆ ಜ್ವರ ಬಂದಾಗಲೆಲ್ಲ ನನ್ನ ಪಾಳಿಯನ್ನೂ ತಾವೇ ಮಾಡಿ, ನಾನು ಸಂಕೋಚಪಟ್ಟರೆ, "ಮನೆಗೆ ಹೋಗಿ ನಾನೇನು ಗೋಡೆ ನೋಡ್ಲಾ?" ಎಂದು ನಗುತ್ತಿದ್ದರು. ಮನೆಯಲ್ಲಿ ಅವರೊಬ್ಬರೇ.

ಹತ್ತು ವರ್ಷಗಳ ಹಿಂದೆ, ಕವಚ ಮುಚ್ಚಿ ನಾನು ಕೈ ಒರೆಸಿಕೊಳ್ಳುತ್ತಿದ್ದಾಗ, ಕ್ಯಾಮೆರಾದ ಮಸೂರದ ಮುಚ್ಚಳ ತೆಗೆದ ನೆನಪು ತಮಗಿಲ್ಲವೆಂದರು. ಟ್ರೇಯಲ್ಲಿ ಮುಚ್ಚಳವೇನೋ ಇತ್ತು. ಅದು ತಾಲೀಮಿಗೆ ಬಳಸಿದ್ದೋ ನಿಜದ್ದೋ ಎಂಬ ಅನುಮಾನ ಅವರದು. ಮುಚ್ಚಳ ಉಳಿದಿದ್ದರೆ ಉಪಗ್ರಹ ಕುರುಡಾಗಿ ಸುತ್ತುತ್ತಿತ್ತು, ಬಿರುಗಾಳಿಯ ಸುಳಿವೇ ಸಿಗದೆ ದೋಣಿಗಳು ಕಡಲಿಗಿಳಿಯುತ್ತಿದ್ದವು. ಉಡಾವಣೆಯನ್ನು ಮುಂದೂಡಬೇಕಾಯಿತು. ಕವಚ ಬಿಚ್ಚಿ ನೋಡಿದರೆ ಮುಚ್ಚಳವನ್ನು ಅವರು ಸರಿಯಾಗಿ ತೆಗೆದೇ ಇದ್ದರು.

ಅಂದಿನಿಂದ 'ಅನುಮಾನದಕ್ಕ' ಎಂಬ ಹೆಸರು ಅಂಟಿಕೊಂಡಿತು. ಎದುರು ಸಿಕ್ಕವರು ದಾರಿ ಬದಲಿಸಿದರು. ಕ್ಯಾಂಟೀನಿನಲ್ಲಿ ಅವರ ಮೇಜಿಗೆ ಯಾರೂ ಬರಲಿಲ್ಲ. ಬಿಗಿದದ್ದನ್ನೆಲ್ಲ ಮತ್ತೆ ಬಿಚ್ಚಿದ ಸಿಟ್ಟಿಗೆ ನಾನು ಮಾತ್ರ ನೇರ ಹೋಗಿ ಮುಖಕ್ಕೆ ಹೊಡೆದಂತೆ ಬೈದೆ.

"ಬೈಯೋಕಾದ್ರೂ ನೀನು ಬಂದ್ಯಲ್ಲ, ಕೂತ್ಕೋ," ಎಂದು ಕುರ್ಚಿ ಎಳೆದರು. ನಾನು ಕೂತು ಕೇಳಿದೆ:

"ಮತ್ತೆ ಅನುಮಾನ ಬಂದ್ರೆ ಏನ್ ಮಾಡ್ತೀರಿ ಅಕ್ಕ?"

"ಮತ್ತೆ ಹೇಳ್ತೀನಿ. ಮಾತಾಡಿಸದಿದ್ರೆ ಬಿಡ್ಲಿ."

ಹೇಳಿದ್ದು ಬರೀ ಬಾಯಿಮಾತಲ್ಲ. ಆಮೇಲೂ ಎರಡು ಸಲ ಕೆಲಸ ನಿಲ್ಲಿಸಿದರು, ಎರಡು ಸಲವೂ ಏನೂ ಸಿಗಲಿಲ್ಲ. ಉಳಿದವರು ಅವರೊಡನೆ ಆಡುತ್ತಿದ್ದ, ಮೊದಲೇ ಕಡಿಮೆಯಿದ್ದ ಮಾತು ಇನ್ನೂ ಕಡಿಮೆಯಾಯಿತು. ಅವರು ನೋಡಿ ಕಳಿಸಿದ ಉಪಗ್ರಹಗಳಲ್ಲಿ ಈವರೆಗೆ ಒಂದೂ ಕುರುಡಾಗದೆ, ಹಾರಿದ್ದೆಲ್ಲವೂ ಮೋಡಗಳ ಚಿತ್ರ ಕಳಿಸಿವೆ ಎಂಬುದನ್ನು ಈ ಸಂಪುಟದಲ್ಲಾದರೂ ಯಾರಾದರೂ ಬರೆಯಬೇಕಿತ್ತು.

ಕಳೆದ ವಾರ ಅವರ ಕಡೆಯ ಉಪಗ್ರಹಕ್ಕೆ ಕವಚ ಹೊದಿಸಿದೆವು. ಎಲ್ಲರೂ ಹೊರಟರೂ ಅವರು ಕದಲಲಿಲ್ಲ.

"ಏನಾದ್ರೂ ಅನುಮಾನವಾ ಅಕ್ಕ? ಹೇಳಿ, ಬಿಚ್ತೀನಿ," ಎಂದೆ.

"ಇಲ್ಲ ಕಣೇ. ಇದ್ದಿದ್ರೆ ಇನ್ನೊಂದೆರಡು ದಿನ ಇಲ್ಲೇ ಇರಬಹುದಿತ್ತು."

ಅವರು ನೂರು ಕಾಲ ಆರೋಗ್ಯದಿಂದ ಬಾಳಲಿ. ಮುಂದಿನ ಉಪಗ್ರಹಕ್ಕೆ ಅವರನ್ನು ಸಲಹೆಗಾರರಾಗಿ ಕರೆಸಿಕೊಳ್ಳಬೇಕೆಂದು ಮೇಲಿನವರಲ್ಲಿ ವಿನಂತಿಸುತ್ತೇನೆ. ಬರುತ್ತಾರೋ ಇಲ್ಲವೋ ಎಂಬ ಯೋಚನೆ ಬೇಡ. ನಾನು ಮಾತು ಮುಗಿಸುವ ಮೊದಲೇ ಹೂಂ ಎಂದಿದ್ದಾರೆ.